ಕಫದಲ್ಲಿ ಕಾಣದ ಕ್ಷಯ: ಹಿರಿಯರ ಕರುಳಿನ ಕ್ಷಯರೋಗವನ್ನು ಗುರುತಿಸುವುದು ಏಕೆ ಕಷ್ಟ?

ಗ್ರಾಮ ಪಂಚಾಯಿತಿಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಗಮನಕ್ಕೆ.

ಕ್ಷಯರೋಗ ಎಂದೊಡನೆ ನಮಗೆ ನೆನಪಾಗುವುದು ಕೆಮ್ಮು, ಕಫ ಮತ್ತು ಎದೆಯ ಎಕ್ಸ್-ರೇ. ಗ್ರಾಮಸಭೆಗಳಲ್ಲಿ ನಾವು ಓದಿ ಹೇಳುವ ಪ್ರಚಾರ ಸಾಮಗ್ರಿಯಲ್ಲಿಯೂ ‘ಎರಡು ವಾರಕ್ಕೂ ಮೀರಿದ ಕೆಮ್ಮು’ ಎಂಬುದೇ ಮೊದಲ ಸಾಲು. ಅದು ಸರಿಯಾದ ಸಾಲೇ. ಏಕೆಂದರೆ ಒಬ್ಬರಿಂದ ಒಬ್ಬರಿಗೆ ಹರಡುವುದು ಶ್ವಾಸಕೋಶದ ಕ್ಷಯ. ಆದರೆ ದೇಶದಲ್ಲಿ ವರದಿಯಾಗುವ ಕ್ಷಯ ಪ್ರಕರಣಗಳಲ್ಲಿ ಸುಮಾರು ಕಾಲುಭಾಗ ಶ್ವಾಸಕೋಶದ ಹೊರಗಿನವು. ದುಗ್ಧಗ್ರಂಥಿ, ಬೆನ್ನುಮೂಳೆ, ಮಿದುಳಿನ ಪೊರೆ, ಹೊಟ್ಟೆಯ ಪೊರೆ, ಕರುಳು ಹೀಗೆ ದೇಹದ ಯಾವ ಭಾಗದಲ್ಲಿಯೂ ಈ ರೋಗ ನೆಲೆಸಬಲ್ಲದು. ಇವುಗಳಲ್ಲಿ ಕರುಳಿನ ಕ್ಷಯ, ಅದರಲ್ಲೂ ಅರವತ್ತು ದಾಟಿದವರಲ್ಲಿ, ಗುರುತಿಸಲು ಬಹಳ ಕಷ್ಟವಾದುದು. ಗುರುತಿಸಿದರೆ ಸಾಮಾನ್ಯವಾಗಿ ಆರು ತಿಂಗಳ ಉಚಿತ ಮಾತ್ರೆಗಳಿಂದ ಗುಣವಾಗುವ ಕಾಯಿಲೆ ಇದು. ಗುರುತಿಸದಿದ್ದರೆ ಪ್ರಾಣಕ್ಕೆ ಎರವಾಗಬಲ್ಲದು.

ಈ ಲೇಖನವನ್ನು ಬರೆಯುತ್ತಿರುವ ನಾನು ವೈದ್ಯನಲ್ಲ, ಓದಿದ್ದು ಎಂಜಿನಿಯರಿಂಗ್. ಆದರೂ ಬರೆಯಲು ಕಾರಣವಾದದ್ದು ನಾನು ಕೆಲಸ ಮಾಡುವ ಪಂಚಾಯಿತಿಯ ಒಂದು ಪ್ರಸಂಗ.

ಒಂದು ಪ್ರಸಂಗ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ತೆಂಗಿನಕಾಯಿ ಸುಲಿಯುವುದರಲ್ಲಿ ಹೆಸರಾಗಿದ್ದ, ಅರವತ್ತೆಂಟು ವರ್ಷದ ಹಿರಿಯರೊಬ್ಬರು ಒಂದೇ ವರ್ಷದಲ್ಲಿ ಗುರುತು ಸಿಗದಷ್ಟು ಸೊರಗಿದರು. ಊಟವಾದ ಒಂದು ಗಂಟೆಗೆ ಹೊಕ್ಕುಳ ಸುತ್ತ ಹಿಂಡಿದಂತೆ ನೋವು, ಹೊಟ್ಟೆಯಲ್ಲಿ ಗುಡುಗುಡು ಸದ್ದು, ಕೆಲವು ದಿನ ಭೇದಿ, ಕೆಲವು ದಿನ ಮಲಬದ್ಧತೆ. ಮುದ್ದೆ ಬಿಟ್ಟು ಗಂಜಿಗೆ ಇಳಿದರು. ಕೆಮ್ಮು ಇರಲಿಲ್ಲ. ಅಂಗಡಿಯಿಂದ ಗ್ಯಾಸ್ ಮಾತ್ರೆ ತಂದು ನುಂಗಿದರು. ಮನೆಯವರೂ ನೆರೆಯವರೂ ‘ವಯಸ್ಸಾಯಿತು’ ಎಂದರು. ನಮ್ಮ ಕ್ಷಯ ತಪಾಸಣಾ ಶಿಬಿರದಲ್ಲಿ ಅವರಿಗೂ ಕಫದ ಡಬ್ಬಿ ಕೊಡಲಾಯಿತು. ಕಫವೇ ಇಲ್ಲದ ಕಾರಣ ಉಗುಳನ್ನು ತುಂಬಿಸಿ ಕೊಟ್ಟರು. ಫಲಿತಾಂಶ ‘ಇಲ್ಲ’ ಎಂದು ಬಂತು. ನಮ್ಮ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ‘ಕ್ಷಯ ಇಲ್ಲ’ ಎಂದು ಬರೆಯಲಾಯಿತು.

ಕೆಲವು ತಿಂಗಳ ನಂತರ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದಾಗ ಹೊಟ್ಟೆಯ ಬಲಭಾಗದ ಕೆಳಗಡೆ ಕರುಳಿನ ಗೋಡೆ ದಪ್ಪಗಾಗಿರುವುದು ಕಂಡಿತು. ‘ಇದು ಗಡ್ಡೆ ಇರಬಹುದು, ಕ್ಷಯವೂ ಇರಬಹುದು, ಕರುಳಿನ ಚೂರು ತೆಗೆದು ಪರೀಕ್ಷಿಸದೆ ಹೇಳಲಾಗದು’ ಎಂದು ವೈದ್ಯರು ತಿಳಿಸಿದರು. ಮನೆಯವರ ಕಿವಿಗೆ ಬಿದ್ದದ್ದು ‘ಗಡ್ಡೆ’ ಎಂಬ ಒಂದೇ ಮಾತು. ಈ ವಯಸ್ಸಿನಲ್ಲಿ ಕ್ಯಾನ್ಸರ್ ಎಂದ ಮೇಲೆ ಅಲೆದಾಡಿಸಿ ನೋಯಿಸುವುದೇಕೆ, ಮನೆಯಲ್ಲೇ ನೆಮ್ಮದಿಯಾಗಿರಲಿ ಎಂದು ಪ್ರೀತಿಯಿಂದಲೇ ಅವರನ್ನು ಮನೆಗೆ ಕರೆತಂದರು. ಎರಡು ತಿಂಗಳು ಅವರು ಸಾವನ್ನು ಕಾಯುತ್ತ ಮಲಗಿದ್ದರು.

ಆಶಾ ಕಾರ್ಯಕರ್ತೆ ಆ ಮನೆಗೆ ಹೋಗಿ ಸ್ಕ್ಯಾನ್ ವರದಿಯನ್ನು ಸಮುದಾಯ ಆರೋಗ್ಯ ಅಧಿಕಾರಿಗೆ ತೋರಿಸದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮತ್ತೆ ಕರೆದೊಯ್ದು ಬಯಾಪ್ಸಿ ಮಾಡಿಸಿದಾಗ ತಿಳಿದದ್ದು: ಕ್ಯಾನ್ಸರ್ ಅಲ್ಲ, ಕ್ಷಯ. ಆರು ತಿಂಗಳ ಔಷಧಿ ಮುಗಿಸಿದ ಅವರು ಈಗ ಮುದ್ದೆ ಉಣ್ಣುತ್ತಾರೆ. ಈ ಪ್ರಸಂಗದಲ್ಲಿ ತಪ್ಪು ಯಾರದೆಂದು ಹುಡುಕಿದರೆ ಮೊದಲು ಸಿಗುವುದು ನಮ್ಮ ಪಟ್ಟಿಯೇ. ಕಫದ ಡಬ್ಬಿ ಉತ್ತರಿಸಲಾಗದ ಪ್ರಶ್ನೆಗೆ ಅದರಿಂದ ಉತ್ತರ ಪಡೆದು ನಾವು ಸಮಾಧಾನಗೊಂಡಿದ್ದೆವು.

ರೋಗವು ಕರುಳನ್ನು ಸೇರುವ ಬಗೆ

1882ರ ಮಾರ್ಚ್ 24ರಂದು ರಾಬರ್ಟ್ ಕೋಕ್ ಅವರು ಕ್ಷಯಕ್ಕೆ ಕಾರಣವಾದ ರೋಗಾಣುವನ್ನು ಜಗತ್ತಿಗೆ ಪ್ರಕಟಿಸಿದರು. ಆ ರೋಗಾಣು ಕರುಳನ್ನು ಹಲವು ದಾರಿಗಳಿಂದ ತಲುಪುತ್ತದೆ. ಶ್ವಾಸಕೋಶದ ಕ್ಷಯವಿರುವವರು ತಮ್ಮ ಕಫವನ್ನೇ ನುಂಗಿದಾಗ, ರಕ್ತದ ಮೂಲಕ, ಪಕ್ಕದ ದುಗ್ಧಗ್ರಂಥಿಗಳಿಂದ, ಮತ್ತು ರೋಗಪೀಡಿತ ರಾಸುಗಳ ಹಸಿ ಹಾಲಿನಿಂದ. ಹಾಲನ್ನು ಕುದಿಸಿಯೇ ಕುಡಿಯಬೇಕೆಂಬ ಹಿರಿಯರ ರೂಢಿಗೆ ಇದೂ ಒಂದು ಬಲವಾದ ಸಮರ್ಥನೆ.

ಕರುಳಿನಲ್ಲಿ ಈ ರೋಗ ಹೆಚ್ಚಾಗಿ ನೆಲೆಸುವುದು ಸಣ್ಣ ಕರುಳು ಮುಗಿದು ದೊಡ್ಡ ಕರುಳು ಆರಂಭವಾಗುವ ಜಾಗದಲ್ಲಿ, ಅಂದರೆ ಹೊಟ್ಟೆಯ ಬಲಭಾಗದ ಕೆಳಗಡೆ. ಅಲ್ಲಿ ಆಹಾರ ನಿಧಾನವಾಗಿ ಸಾಗುತ್ತದೆ ಮತ್ತು ದುಗ್ಧ ಅಂಗಾಂಶ ಹೇರಳವಾಗಿದೆ. ರೋಗಾಣು ಅಲ್ಲಿ ಹುಣ್ಣು ಮಾಡುತ್ತದೆ. ಹುಣ್ಣು ಮಾಯುವಾಗ ಗಾಯದ ಕಲೆ ಬಿಗಿದು ಕರುಳಿನ ದಾರಿ ಕಿರಿದಾಗುತ್ತದೆ. ನೀರಿನ ಪೈಪಿನೊಳಗೆ ಸುಣ್ಣದಂಶ ಕಟ್ಟಿಕೊಂಡಂತೆ ಎಂದು ತಿಳಿಯಬಹುದು. ತೆಳುವಾದ ಗಂಜಿ ಸಾಗುತ್ತದೆ, ಗಟ್ಟಿ ಆಹಾರ ಸಿಕ್ಕಿಕೊಂಡು ನೋಯಿಸುತ್ತದೆ. ರೋಗಿಯು ತಾನಾಗಿಯೇ ಗಂಜಿಗೆ ಇಳಿಯುವುದರ ಹಿಂದೆ ಇಂತಹ ಕಾರಣವಿರಬಹುದು. ದಾರಿ ಪೂರ್ತಿ ಮುಚ್ಚಿದರೆ ವಾಂತಿ, ಹೊಟ್ಟೆಯುಬ್ಬರ, ಮಲ ಹಾಗೂ ವಾಯು ಎರಡೂ ಹೋಗದಿರುವುದು ಕಾಣಿಸಿಕೊಳ್ಳುತ್ತವೆ. ಅದು ತುರ್ತುಸ್ಥಿತಿ, ಕೂಡಲೇ 108ಕ್ಕೆ ಕರೆ ಮಾಡಬೇಕು.

ಹಿರಿಯರಲ್ಲಿ ಕಷ್ಟ ಇಮ್ಮಡಿಯಾಗುವುದೇಕೆ

ಮೊದಲನೆಯದಾಗಿ, ವಯಸ್ಸಾದಂತೆ ದೇಹದ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಯೌವನದಲ್ಲಿ ದೇಹ ಸೇರಿ ದಶಕಗಳ ಕಾಲ ಸುಪ್ತವಾಗಿದ್ದ ರೋಗಾಣು ಆಗ ಎಚ್ಚರಗೊಳ್ಳಬಹುದು. ಮಧುಮೇಹ, ಅಪೌಷ್ಟಿಕತೆ, ಬೀಡಿ-ಸಿಗರೇಟು ಮತ್ತು ಮದ್ಯಪಾನಗಳು ಈ ಅಪಾಯವನ್ನು ಹೆಚ್ಚಿಸುತ್ತವೆ.

ಎರಡನೆಯದಾಗಿ, ರೋಗದ ಲಕ್ಷಣಗಳನ್ನು ತೋರಿಸುವುದೂ ಬಹುಮಟ್ಟಿಗೆ ಆ ನಿರೋಧಕ ಶಕ್ತಿಯೇ. ಅದು ಕುಗ್ಗಿದಾಗ ಜ್ವರ ಕಾಣಿಸದೇ ಇರಬಹುದು. ಚರ್ಮದ ಮೇಲೆ ಮಾಡುವ ಮಾಂಟೂ ಪರೀಕ್ಷೆಯೂ ರೋಗವಿದ್ದಾಗಲೇ ‘ಇಲ್ಲ’ ಎನ್ನಬಹುದು.

ಮೂರನೆಯದಾಗಿ, ಉಳಿದ ಲಕ್ಷಣಗಳಿಗೆಲ್ಲ ಹಿರಿಯರಲ್ಲಿ ಬೇರೊಂದು ಸುಲಭ ವಿವರಣೆ ಸಿದ್ಧವಾಗಿರುತ್ತದೆ. ತೂಕ ಇಳಿದರೆ ಸಕ್ಕರೆ ಕಾಯಿಲೆ, ಹಸಿವಿಲ್ಲದಿದ್ದರೆ ವಯಸ್ಸು, ನೋವಿದ್ದರೆ ಗ್ಯಾಸ್, ರಕ್ತ ಕಡಿಮೆಯಾದರೆ ಮೂಲವ್ಯಾಧಿ. ಪ್ರತಿಯೊಂದೂ ಬಿಡಿಯಾಗಿ ನಂಬುವಂತಿದೆ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡುವವರು ಇರುವುದಿಲ್ಲ.

ನಾಲ್ಕನೆಯದಾಗಿ, ದೊಡ್ಡ ಕರುಳಿನ ಕ್ಯಾನ್ಸರ್ ಕೂಡ ಇದೇ ವಯಸ್ಸಿನಲ್ಲಿ ಹೆಚ್ಚು. ಅದೂ ಇದೇ ಜಾಗದಲ್ಲಿ ಬರಬಹುದು. ತೂಕ ಇಳಿತ, ರಕ್ತಹೀನತೆ, ಗಡ್ಡೆ ಎಲ್ಲವೂ ಎರಡರಲ್ಲಿಯೂ ಕಾಣುತ್ತವೆ. ಕರುಳಿನ ದೀರ್ಘಕಾಲೀನ ಉರಿಯೂತವಾದ ಕ್ರೋನ್ಸ್ ಕಾಯಿಲೆ, ದುಗ್ಧಗ್ರಂಥಿಯ ಕ್ಯಾನ್ಸರ್ ಆದ ಲಿಂಫೋಮಾ ಮತ್ತು ಅಮೀಬಾ ಸೋಂಕು ಸಹ ಇದೇ ರೂಪದಲ್ಲಿ ಬರುವುದುಂಟು. ಸ್ಕ್ಯಾನ್‌ನಲ್ಲಿ ಇವೆಲ್ಲ ಬಹುಮಟ್ಟಿಗೆ ಒಂದೇ ತೆರನಾಗಿ ತೋರಬಹುದು.

ಪರೀಕ್ಷೆಗಳು ಏನನ್ನು ಹೇಳುತ್ತವೆ, ಏನನ್ನು ಹೇಳಲಾರವು

ಕಫ ಪರೀಕ್ಷೆ: ಇದು ಶ್ವಾಸಕೋಶದ ಬಗ್ಗೆ ಮಾತ್ರ ಹೇಳುತ್ತದೆ. ಕರುಳಿನ ಬಗ್ಗೆ ಏನನ್ನೂ ಹೇಳದು.

ಎದೆಯ ಎಕ್ಸ್-ರೇ: ಶ್ವಾಸಕೋಶದಲ್ಲಿಯೂ ರೋಗವಿದ್ದರೆ ಸುಳಿವು ನೀಡುತ್ತದೆ. ಆದರೆ ಹೊಟ್ಟೆಯ ಕ್ಷಯವಿರುವ ಬಹಳಷ್ಟು ಜನರಲ್ಲಿ ಎದೆಯ ಎಕ್ಸ್-ರೇ ಸಂಪೂರ್ಣ ಸಹಜವಾಗಿರುತ್ತದೆ.

ಅಲ್ಟ್ರಾಸೌಂಡ್ ಮತ್ತು ಸಿ.ಟಿ. ಸ್ಕ್ಯಾನ್: ದಪ್ಪಗಾದ ಕರುಳು, ಊದಿದ ಗ್ರಂಥಿ, ಹೊಟ್ಟೆಯಲ್ಲಿನ ನೀರು ಇವುಗಳನ್ನು ತೋರಿಸುತ್ತವೆ. ಎಲ್ಲಿ ತೊಂದರೆ ಎಂಬುದು ತಿಳಿಯುತ್ತದೆ. ಯಾವ ತೊಂದರೆ ಎಂಬುದು ಖಚಿತವಾಗುವುದಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಅದನ್ನು ಸೂಜಿಯಿಂದ ತೆಗೆದು ಪರೀಕ್ಷಿಸುವುದು ಬಹಳ ಉಪಯುಕ್ತ.

ಕೊಲೊನೋಸ್ಕೋಪಿ ಮತ್ತು ಬಯಾಪ್ಸಿ: ಗುದದ್ವಾರದ ಮೂಲಕ ಕ್ಯಾಮೆರಾ ಇರುವ ಕೊಳವೆಯನ್ನು ಕಳುಹಿಸಿ, ಹುಣ್ಣಿನ ಜಾಗದಿಂದ ಸಣ್ಣ ಸಣ್ಣ ಚೂರುಗಳನ್ನು ತೆಗೆಯಲಾಗುತ್ತದೆ. ನಿರ್ಣಯದ ಹಾದಿಯಲ್ಲಿ ಮುಖ್ಯವಾದ ಹೆಜ್ಜೆ ಇದೇ. ಸೂಕ್ಷ್ಮದರ್ಶಕದಲ್ಲಿ ಕ್ಷಯಕ್ಕೆ ವಿಶಿಷ್ಟವಾದ, ನಡುವೆ ಕೊಳೆತು ಗಿಣ್ಣಿನಂತಾದ ‘ಗ್ರ್ಯಾನ್ಯುಲೋಮಾ’ ಎಂಬ ಗಂಟುಗಳು ಕಂಡರೆ ನಿರ್ಣಯ ಬಲಗೊಳ್ಳುತ್ತದೆ. ಕ್ಯಾನ್ಸರ್ ಕೋಶಗಳು ಕಂಡರೆ ಅದೂ ಸ್ಪಷ್ಟವಾಗುತ್ತದೆ.

ಆದರೆ ಇಲ್ಲಿಯೂ ತೊಡಕಿದೆ. ಕಫದಲ್ಲಿ ರೋಗಾಣುಗಳು ಲಕ್ಷಗಟ್ಟಲೆ ಇರಬಹುದು. ಕರುಳಿನ ಚೂರಿನಲ್ಲಿ ಬೆರಳೆಣಿಕೆಯಷ್ಟು ಇರಬಹುದು, ಅದೂ ಒಂದು ಚೂರಿನಲ್ಲಿ ಇದ್ದು ಪಕ್ಕದ ಚೂರಿನಲ್ಲಿ ಇಲ್ಲದಿರಬಹುದು. ಆದ್ದರಿಂದಲೇ ವೈದ್ಯರು ಒಂದಲ್ಲ, ಹಲವು ಚೂರುಗಳನ್ನು ತೆಗೆಯುತ್ತಾರೆ. ಇದೇ ಕಾರಣಕ್ಕೆ ಕೆಲವೇ ಗಂಟೆಗಳಲ್ಲಿ ಫಲಿತಾಂಶ ನೀಡುವ ಸಿಬಿ-ನ್ಯಾಟ್, ಟ್ರೂನ್ಯಾಟ್ ಯಂತ್ರಗಳು ಕರುಳಿನ ಮಾದರಿಯಲ್ಲಿ ‘ಇದೆ’ ಎಂದರೆ ಬಹುತೇಕ ನಂಬಬಹುದು, ‘ಇಲ್ಲ’ ಎಂದರೆ ರೋಗವಿಲ್ಲವೆಂದು ತೀರ್ಮಾನಿಸಲಾಗದು. ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಆರೇಳು ವಾರಗಳೂ ಹಿಡಿಯಬಹುದು.

ಮಾದರಿಯನ್ನು ಇಡುವ ಬಾಟಲಿಯೂ ಮುಖ್ಯ. ಕ್ಲೋರಿನ್ ಬೆರೆಸಿದ ನೀರನ್ನು ತಂದು ಸೂಕ್ಷ್ಮಾಣು ಪರೀಕ್ಷೆಗೆ ಕೊಟ್ಟರೆ ಟ್ಯಾಂಕಿನ ನಿಜಸ್ಥಿತಿ ತಿಳಿಯದೆಂಬುದು ನಮಗೆಲ್ಲ ಗೊತ್ತು. ಹಾಗೆಯೇ, ಸೂಕ್ಷ್ಮದರ್ಶಕದ ಪರೀಕ್ಷೆಗೆ ಹೋಗುವ ಚೂರನ್ನು ಫಾರ್ಮಾಲಿನ್ ದ್ರಾವಣದಲ್ಲಿ ಇಡಬೇಕು. ಕಲ್ಚರ್‌ಗೆ ಹೋಗುವ ಚೂರನ್ನು ಅದರಲ್ಲಿ ಇಟ್ಟರೆ ರೋಗಾಣು ಸತ್ತು ಪರೀಕ್ಷೆ ವ್ಯರ್ಥವಾಗುತ್ತದೆ. ಅದನ್ನು ಶುದ್ಧ ಸಲೈನ್‌ನಲ್ಲಿ ಕಳುಹಿಸಲಾಗುತ್ತದೆ. ಅನೇಕ ವೇಳೆ ಬಾಟಲಿಯನ್ನು ಪ್ರಯೋಗಾಲಯಕ್ಕೆ ಒಯ್ಯುವವರು ರೋಗಿಯ ಕಡೆಯವರೇ ಆಗಿರುತ್ತಾರೆ. ಯಾವ ಬಾಟಲಿ ಎಲ್ಲಿಗೆ, ಎಷ್ಟು ಹೊತ್ತಿನೊಳಗೆ ಎಂದು ಕೇಳಿ ಬರೆದುಕೊಳ್ಳುವುದು ಅವರ ಹಕ್ಕು.

ಎರಡು ದಿಕ್ಕಿನ ತಪ್ಪು

ಇಷ್ಟು ಕಷ್ಟವಾದರೆ ಸುಮ್ಮನೆ ಕ್ಷಯದ ಮಾತ್ರೆ ಕೊಟ್ಟು ನೋಡಬಾರದೇ ಎಂಬ ಪ್ರಶ್ನೆ ಸಹಜ. ಎಲ್ಲ ಪರೀಕ್ಷೆಗಳ ನಂತರವೂ ಖಚಿತವಾಗದೆ, ಅನುಮಾನ ಬಲವಾಗಿದ್ದಾಗ ತಜ್ಞರು ಹಾಗೆ ಮಾಡುವುದುಂಟು. ಆಗ ಎರಡು ಮೂರು ತಿಂಗಳಲ್ಲಿ ಮತ್ತೆ ಪರೀಕ್ಷಿಸಿ ಹುಣ್ಣು ಮಾಯುತ್ತಿದೆಯೇ ಎಂದು ನೋಡುತ್ತಾರೆ. ಮಾಯದಿದ್ದರೆ ನಿರ್ಣಯವನ್ನೇ ಮರುಪರಿಶೀಲಿಸುತ್ತಾರೆ. ಆದರೆ ಬಯಾಪ್ಸಿಯನ್ನು ತಪ್ಪಿಸಲೆಂದು ಹೀಗೆ ಮಾಡಿದರೆ, ನಿಜವಾಗಿ ಕ್ಯಾನ್ಸರ್ ಇದ್ದವರು ಶಸ್ತ್ರಚಿಕಿತ್ಸೆಯ ಅಮೂಲ್ಯ ತಿಂಗಳುಗಳನ್ನು ಕಳೆದುಕೊಳ್ಳುತ್ತಾರೆ.

ಇನ್ನೊಂದು ದಿಕ್ಕಿನ ತಪ್ಪೂ ಅಷ್ಟೇ ಗಂಭೀರ. ಕ್ಷಯವನ್ನು ಕ್ರೋನ್ಸ್ ಕಾಯಿಲೆಯೆಂದು ತಿಳಿದು ಸ್ಟೀರಾಯ್ಡ್ ಕೊಟ್ಟರೆ ನಿರೋಧಕ ಶಕ್ತಿ ಮತ್ತಷ್ಟು ಕುಗ್ಗಿ ರೋಗ ದೇಹವೆಲ್ಲ ಹರಡಬಹುದು. ಕ್ಷಯವನ್ನು ಕ್ಯಾನ್ಸರ್ ಎಂದು ಮನೆಯವರೇ ತೀರ್ಮಾನಿಸಿ ಚಿಕಿತ್ಸೆಯನ್ನೇ ಬಿಟ್ಟರೆ ಏನಾಗುತ್ತದೆಂಬುದನ್ನು ಮೇಲಿನ ಪ್ರಸಂಗ ಹೇಳುತ್ತದೆ. ‘ವಯಸ್ಸಾಯಿತು’ ಮತ್ತು ‘ಗಡ್ಡೆಯಂತೆ’ ಎಂಬ ಎರಡು ಮಾತುಗಳು ಹಿರಿಯರ ಪಾಲಿಗೆ ಹುಡುಕಾಟದ ಬಾಗಿಲನ್ನು ಮುಚ್ಚುತ್ತವೆ. ಬಯಾಪ್ಸಿಯ ಲಿಖಿತ ವರದಿ ಕೈಗೆ ಬಂದು, ವೈದ್ಯರು ಅದನ್ನು ನೋಡುವವರೆಗೆ ಆ ಬಾಗಿಲನ್ನು ತೆರೆದಿಡುವುದೇ ಪಂಚಾಯಿತಿ ಮಾಡಬಹುದಾದ ಕೆಲಸ. ರೋಗ ನಿರ್ಣಯ ನಮ್ಮ ಕೆಲಸವಲ್ಲ; ನಿರ್ಣಯದ ತನಕ ತಲುಪಿಸುವುದು ನಮ್ಮ ಕೆಲಸ.

ಆರು ದಶಕಗಳ ಹಿಂದೆ ನಮ್ಮದೇ ತುಮಕೂರು ಜಿಲ್ಲೆ ಈ ಪಾಠವನ್ನು ದೇಶಕ್ಕೆ ಕಲಿಸಿತ್ತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಪರವಾಗಿ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ಇಲ್ಲಿನ ಹಳ್ಳಿಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶ್ವಾಸಕೋಶದ ಕ್ಷಯವಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ತಾವಾಗಿಯೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರೆಂದು ಕಂಡುಬಂತು. ಅವರಲ್ಲಿ ಹೆಚ್ಚಿನವರು ಕೆಮ್ಮಿನ ಔಷಧಿಯ ಬಾಟಲಿಯೊಂದಿಗೆ ಮನೆಗೆ ಮರಳಿದ್ದರು. ಜನರಿಗೆ ಅರಿವಿಲ್ಲವೆಂದು ದೂರುವ ಮೊದಲು, ಬಂದವರನ್ನು ನಾವು ಹೇಗೆ ಕಳುಹಿಸುತ್ತಿದ್ದೇವೆ ಎಂದು ನೋಡಬೇಕೆಂಬುದು ಆ ಅಧ್ಯಯನದ ಸಾರ. ಅಂದಿನ ಕೆಮ್ಮಿನ ಬಾಟಲಿಯ ಜಾಗದಲ್ಲಿ ಇಂದು ಗ್ಯಾಸ್ ಮಾತ್ರೆ ಇದೆ.

ಪಂಚಾಯಿತಿ ಸದಸ್ಯರು ಮಾಡಬಹುದಾದದ್ದು

1. ಲಕ್ಷಣಗಳನ್ನು ಒಟ್ಟಾಗಿ ನೋಡಿ. ಅರವತ್ತು ದಾಟಿದವರಲ್ಲಿ ಕಾರಣವಿಲ್ಲದೆ ಬಟ್ಟೆ ಸಡಿಲವಾಗುವಷ್ಟು ತೂಕ ಇಳಿದಿದ್ದು, ಜೊತೆಗೆ ಒಂದು ತಿಂಗಳಿಗೂ ಮೀರಿದ ಹೊಟ್ಟೆನೋವು, ಭೇದಿ ಅಥವಾ ಮಲಬದ್ಧತೆ, ಸಂಜೆಯ ಜ್ವರ, ಹೊಟ್ಟೆಯುಬ್ಬರ, ರಕ್ತಹೀನತೆ ಇವುಗಳಲ್ಲಿ ಯಾವುದಿದ್ದರೂ ವೈದ್ಯರನ್ನು ಕಾಣಬೇಕು. ಮಲದಲ್ಲಿ ರಕ್ತ ಕಂಡರೆ ಅದೊಂದೇ ಸಾಕು, ತಡಮಾಡಬಾರದು.

2. ತೂಕದ ದಾಖಲೆ ಇಡಿಸಿ. ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ರಕ್ತದೊತ್ತಡ, ಸಕ್ಕರೆ ತಪಾಸಣೆಗೆ ಬರುವ ಹಿರಿಯರ ತೂಕವನ್ನು ಪ್ರತಿ ಬಾರಿಯೂ ಬರೆದಿಟ್ಟರೆ ಇಳಿತ ಕಣ್ಣಿಗೆ ಬೀಳುತ್ತದೆ. ಒಂದು ಸಲದ ತೂಕ ಏನನ್ನೂ ಹೇಳದು.

3. ‘ಕಫ ಪರೀಕ್ಷೆಯಲ್ಲಿ ಇಲ್ಲ’ ಎಂಬುದನ್ನು ‘ಕ್ಷಯ ಇಲ್ಲ’ ಎಂದು ಬರೆಯಬೇಡಿ. ಪಟ್ಟಿಯಲ್ಲಿ ಯಾವ ಪರೀಕ್ಷೆ ಮಾಡಲಾಯಿತೋ ಅದರ ಹೆಸರನ್ನೇ ಬರೆಸಿ. ಲಕ್ಷಣ ಮುಂದುವರಿದವರ ಹೆಸರನ್ನು ವೈದ್ಯಾಧಿಕಾರಿಗಳಿಗೆ ಮರಳಿ ಕಳುಹಿಸಿ.

4. ಕೊಲೊನೋಸ್ಕೋಪಿಗೆ ಹೋಗುವವರಿಗೆ ನೆರವಾಗಿ. ಪರೀಕ್ಷೆಗೆ ಮುನ್ನ ಭೇದಿಯ ಔಷಧಿ ಕುಡಿದು ಕರುಳನ್ನು ಖಾಲಿ ಮಾಡಬೇಕಾಗುತ್ತದೆ. ಮನೆಯಲ್ಲಿ ಶೌಚಾಲಯ ಸರಿಯಿಲ್ಲದ, ಮುಂಜಾನೆಯ ಬಸ್ಸಿನಲ್ಲಿ ಎರಡು ಗಂಟೆ ಪ್ರಯಾಣಿಸಬೇಕಾದ ಹಿರಿಯರು ಪರೀಕ್ಷೆಯನ್ನೇ ಕೈಬಿಡಲು ಇಷ್ಟು ಸಾಕು. ಹಿಂದಿನ ದಿನವೇ ದಾಖಲಾಗಲು ಅಥವಾ ಆಸ್ಪತ್ರೆಯ ಸಮೀಪ ತಂಗಲು ಸಾಧ್ಯವೇ ಎಂದು ವಿಚಾರಿಸಿ, ಒಬ್ಬ ಸಹಾಯಕರನ್ನು ಗೊತ್ತುಮಾಡಿ. ಸಕ್ಕರೆ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ಮೊದಲೇ ವೈದ್ಯರಿಗೆ ತಿಳಿಸಬೇಕು.

5. ವರದಿಯನ್ನು ತರಿಸಿ. ಬಯಾಪ್ಸಿ ಫಲಿತಾಂಶ ಅದೇ ದಿನ ಬರುವುದಿಲ್ಲ. ಎರಡನೆಯ ಸಲ ಆಸ್ಪತ್ರೆಗೆ ಹೋಗುವವರಿಲ್ಲದೆ ವರದಿ ಅಲ್ಲಿಯೇ ಉಳಿದುಬಿಡುವ ಸಂಭವವಿದೆ. ವರದಿಯ ದಿನಾಂಕವನ್ನು ಆಶಾ ಕಾರ್ಯಕರ್ತೆಯರ ಡೈರಿಯಲ್ಲಿ ಬರೆಸಿ.

6. ಚಿಕಿತ್ಸೆ ಪೂರ್ಣಗೊಳ್ಳುವಂತೆ ನೋಡಿಕೊಳ್ಳಿ. ಸಾಮಾನ್ಯವಾಗಿ ಮೊದಲ 2 ತಿಂಗಳು ನಾಲ್ಕು ಔಷಧಿ, ನಂತರದ 4 ತಿಂಗಳು ಮೂರು ಔಷಧಿ, ಪ್ರತಿದಿನ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ಅಪಾಯವಲ್ಲ. ಆದರೆ ಕಣ್ಣು ಹಳದಿಯಾದರೆ, ನಿಲ್ಲದ ವಾಂತಿಯಾದರೆ, ದೃಷ್ಟಿ ಮಂದವಾದರೆ ಅಂದೇ ವೈದ್ಯರನ್ನು ಕಾಣಬೇಕು. ಹಿರಿಯರಲ್ಲಿ ಯಕೃತ್ತಿನ ತೊಂದರೆಯ ಸಾಧ್ಯತೆ ಹೆಚ್ಚು. ಈ ಔಷಧಿಗಳು ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳ ಪರಿಣಾಮವನ್ನು ತಗ್ಗಿಸುವುದರಿಂದ ಸಕ್ಕರೆಯನ್ನು ಹೆಚ್ಚು ಬಾರಿ ಪರೀಕ್ಷಿಸಬೇಕು. ಕ್ಷಯ ಗುಣವಾದ ಮೇಲೂ ಕಲೆಯಿಂದ ಕರುಳು ಕಿರಿದಾಗಿಯೇ ಉಳಿದರೆ ಬೇರೆ ಚಿಕಿತ್ಸೆ ಬೇಕಾಗಬಹುದು.

7. ಪೋಷಣೆಯ ನೆರವು ತಲುಪಿಸಿ. ನಿ-ಕ್ಷಯ್ ಪೋಷಣ್ ಯೋಜನೆಯಡಿ ಚಿಕಿತ್ಸೆಯ ಅವಧಿಯಲ್ಲಿ ತಿಂಗಳಿಗೆ ನೀಡುವ 500 ರೂ. ನೆರವನ್ನು 2024ರ ನವೆಂಬರ್‌ನಿಂದ 1,000 ರೂ.ಗೆ ಹೆಚ್ಚಿಸಲಾಗಿದೆ. ಇದು ಕರುಳಿನ ಕ್ಷಯಕ್ಕೂ ಅನ್ವಯಿಸುತ್ತದೆ. ಹಿರಿಯರ ಬ್ಯಾಂಕ್ ಖಾತೆ ನಿಷ್ಕ್ರಿಯವಾಗಿದ್ದರೆ ಅಥವಾ ಆಧಾರ್ ಜೋಡಣೆ ಆಗದಿದ್ದರೆ ಅದನ್ನು ಸರಿಪಡಿಸಲು ಪಂಚಾಯಿತಿ ಕಚೇರಿ ನೆರವಾಗಬೇಕು. ಮಾಹಿತಿಗೆ ನಿ-ಕ್ಷಯ್ ಸಹಾಯವಾಣಿ: 1800-11-6666.

8. ಗೌಪ್ಯತೆ ಕಾಪಾಡಿ. ರೋಗಿಯ ಹೆಸರನ್ನು ಸಭೆಯಲ್ಲಿ ಹೇಳಬಾರದು. ಕರುಳಿನಲ್ಲಿ ಮಾತ್ರ ಇರುವ ಕ್ಷಯ ಕೆಮ್ಮಿನಿಂದ ಹರಡುವುದಿಲ್ಲ. ಶ್ವಾಸಕೋಶದಲ್ಲಿಯೂ ಇದೆಯೇ ಎಂದು ವೈದ್ಯರು ಪರೀಕ್ಷಿಸುತ್ತಾರೆ. ತಟ್ಟೆ ಲೋಟ ಬೇರೆ ಮಾಡಿ ಹಿರಿಯರನ್ನು ನೋಯಿಸುವ ಅಗತ್ಯವಿಲ್ಲ.

ಪ್ರಮಾಣಪತ್ರದ ಅಂಕಿಗಳು ಮತ್ತು ನಾವು

2023ರಲ್ಲಿ ಆರಂಭವಾದ ‘ಕ್ಷಯಮುಕ್ತ ಪಂಚಾಯಿತಿ’ ಅಭಿಯಾನದ ಮಾನದಂಡಗಳು ಸದಸ್ಯರಿಗೆ ತಿಳಿದಿವೆ. ಅವುಗಳಲ್ಲಿ ಮೊದಲ ಎರಡು: ವರ್ಷಕ್ಕೆ ಪ್ರತಿ 1,000 ಜನಸಂಖ್ಯೆಗೆ ಕನಿಷ್ಠ 30 ಶಂಕಿತರ ಪರೀಕ್ಷೆ, ಮತ್ತು ಪ್ರತಿ 1,000ಕ್ಕೆ ಒಂದಕ್ಕಿಂತ ಹೆಚ್ಚಿಲ್ಲದ ಪ್ರಕರಣ. ಅಂದರೆ 6,000 ಜನಸಂಖ್ಯೆಯ ಪಂಚಾಯಿತಿಯಲ್ಲಿ ಕನಿಷ್ಠ 180 ಪರೀಕ್ಷೆ, ಗರಿಷ್ಠ 6 ಪ್ರಕರಣ. ಮೊದಲ ವರ್ಷ ಕಂಚಿನ, ಸತತ ಎರಡು ವರ್ಷಕ್ಕೆ ಬೆಳ್ಳಿಯ, ಮೂರು ವರ್ಷಕ್ಕೆ ಚಿನ್ನದ ವರ್ಣದ ಗಾಂಧೀಜಿ ಪ್ರತಿಮೆ ದೊರೆಯುತ್ತದೆ.

ಈ ಅಂಕಿಗಳು ನಮ್ಮನ್ನು ಎಚ್ಚರಿಸಲು ಇರುವಂಥವು. ಆದರೆ ಏಳನೆಯ ಹೆಸರು ಬಂದರೆ ಪ್ರತಿಮೆ ಕೈತಪ್ಪೀತೆಂಬ ಯೋಚನೆ ಯಾರ ಮನಸ್ಸಿನಲ್ಲಾದರೂ ಸುಳಿಯುವುದು ಅಸಾಧ್ಯವಲ್ಲ. ನನ್ನ ಮನಸ್ಸಿನಲ್ಲಿಯೂ ಒಮ್ಮೆ ಸುಳಿದಿತ್ತು ಎಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ. ಕೆಮ್ಮಿಲ್ಲದವರಿಂದಲೂ ಉಗುಳು ಸಂಗ್ರಹಿಸಿ 180 ಡಬ್ಬಿಗಳ ಲೆಕ್ಕ ಮುಗಿಸಿದರೆ ಕಾಗದದ ಮೇಲೆ ಗುರಿ ಮುಟ್ಟಿದಂತಾಗುತ್ತದೆ. ಕರುಳಿನಲ್ಲಿ ರೋಗವಿರುವ ಹಿರಿಯರು ಮಾತ್ರ ಆ ಲೆಕ್ಕದ ಹೊರಗೇ ಉಳಿಯುತ್ತಾರೆ. 2024ರ ಡಿಸೆಂಬರ್ 7ರಂದು ಆರಂಭವಾದ 100 ದಿನಗಳ ಕ್ಷಯ ಅಭಿಯಾನದಲ್ಲಿ ಅರವತ್ತು ಮೀರಿದವರನ್ನು ಹೆಚ್ಚಿನ ಅಪಾಯದ ಗುಂಪಿನಲ್ಲಿ ಸೇರಿಸಲಾಗಿತ್ತು. ಪ್ರಕರಣ ಪತ್ತೆಯಾಗುವುದು ಪಂಚಾಯಿತಿಯ ಸೋಲಲ್ಲ. ಇದ್ದ ರೋಗ ಪತ್ತೆಯಾಗದೆ ಒಬ್ಬರು ತೀರಿಕೊಂಡರೆ ಅದು ಸೋಲು, ಯಾವ ಪಟ್ಟಿಯಲ್ಲಿಯೂ ಕಾಣದ ಸೋಲು.

ಮುಂದಿನ ಸಾಮಾನ್ಯ ಸಭೆಗೆ ಮುನ್ನ ಪ್ರತಿಯೊಬ್ಬ ಸದಸ್ಯರೂ ತಮ್ಮ ವಾರ್ಡಿನಲ್ಲಿ ಕಳೆದ ಒಂದು ವರ್ಷದಲ್ಲಿ ಕಾರಣವಿಲ್ಲದೆ ಸೊರಗಿರುವ ಹಿರಿಯರು ಯಾರು ಎಂಬುದನ್ನು ಆಶಾ ಕಾರ್ಯಕರ್ತೆಯರೊಂದಿಗೆ ಕುಳಿತು ನೆನಪಿಸಿಕೊಳ್ಳಬೇಕೆಂದು ಕೋರುತ್ತೇನೆ. ಆ ಹೆಸರುಗಳನ್ನು ಸಭೆಯ ನಡವಳಿಗೆ ಸೇರಿಸದೆ ನೇರವಾಗಿ ಸಮುದಾಯ ಆರೋಗ್ಯ ಅಧಿಕಾರಿಗೆ ತಲುಪಿಸಿರಿ. ಅವರಲ್ಲಿ ಹೆಚ್ಚಿನವರಿಗೆ ಕ್ಷಯ ಇಲ್ಲದಿರಬಹುದು. ಇಲ್ಲವೆಂಬುದನ್ನು ಸರಿಯಾದ ಪರೀಕ್ಷೆಯೇ ಹೇಳಲಿ.